ಗಂಗೆಯಲ್ಲಿ ಕಯಾಕ್: ಹೊರಡುವ ಮೊದಲು ನಿಲ್ಲುವುದನ್ನು ಕಲಿಯಿರಿ

ಪ್ರಶ್ನೆ: ನಾವು ಮೈಸೂರು ಮತ್ತು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆರು ಮಂದಿ ಕಾಲೇಜು ಸ್ನೇಹಿತರು. ದಾಂಡೇಲಿಯ ಬಳಿ ಕಾಳಿ ನದಿಯಲ್ಲಿ ಎರಡು ಸಲ ರಾಫ್ಟಿಂಗ್ ಮಾಡಿದ್ದೇವೆ. ಐವರಿಗೆ ಈಜುಕೊಳದಲ್ಲಿ ಚೆನ್ನಾಗಿ ಈಜಲು ಬರುತ್ತದೆ. ಒಬ್ಬ ಗೆಳತಿಗೆ ನೀರೆಂದರೆ ಭಯ. ಬರುವ ಏಪ್ರಿಲ್‌ನಲ್ಲಿ ಐದು ದಿನ ಋಷಿಕೇಶದಲ್ಲಿದ್ದು, ಮೊದಲ ಎರಡು ದಿನ ಕಯಾಕ್ ಕಲಿತು, ಉಳಿದ ಮೂರು ದಿನಗಳಲ್ಲಿ ಕೌಡಿಯಾಲಾದಿಂದ ಋಷಿಕೇಶದವರೆಗೆ ನಾವೇ ಕಯಾಕ್ ನಡೆಸಿಕೊಂಡು ಬರಬೇಕೆಂಬ ಆಸೆಯಿದೆ. ಇದು ಸಾಧ್ಯವೇ? ಯಾವ ಸಿದ್ಧತೆ ಬೇಕು? ಭಯಪಡುವ ಗೆಳತಿಯನ್ನು ಕರೆದೊಯ್ಯಬಹುದೇ?

ಉತ್ತರ: ನೀವು ಬರೆದಿರುವ ರೂಪದಲ್ಲಿ ಇದು ಸಾಧ್ಯವಿಲ್ಲ. ಎರಡು ದಿನ ಕಲಿತವರು ಕೌಡಿಯಾಲಾದಿಂದ ಕಯಾಕ್‌ನಲ್ಲಿ ಹೊರಡಬಾರದು. ಐದು ದಿನ ಕಲಿತವರಿಗೂ ಆ ಭಾಗ ಹೊಂದುವುದಿಲ್ಲ. ಹಾಗೆಂದು ನಿಮ್ಮ ಪ್ರವಾಸವನ್ನು ಕೈಬಿಡಬೇಕಾಗಿಲ್ಲ. ಅದೇ ಐದು ದಿನಗಳನ್ನು ಬೇರೆ ರೀತಿಯಲ್ಲಿ ಹೊಂದಿಸಿಕೊಂಡರೆ, ನಿಮ್ಮಲ್ಲಿ ಕೆಲವರಾದರೂ ಕೊನೆಯ ದಿನ ಬ್ರಹ್ಮಪುರಿಯ ಕೆಳಗಿನ ಗಂಗೆಯಲ್ಲಿ, ಶಿಕ್ಷಕರ ಹಿಂದೆ, ಸ್ವಂತ ಕೈಬಲದಿಂದ ದೋಣಿ ನಡೆಸಿಕೊಂಡು ಲಕ್ಷ್ಮಣ ಝೂಲಾದ ಹತ್ತಿರ ದಡ ಸೇರಬಹುದು. ಹದಿನೆಂಟು ವರ್ಷಗಳಿಂದ ಈ ನದಿಯಲ್ಲಿ ಹೊಸಬರಿಗೆ ಕಯಾಕ್ ಕಲಿಸುತ್ತಿರುವ ನಾನು, ಅಷ್ಟು ದೂರವನ್ನು ಸರಿಯಾಗಿ ಬಂದವರನ್ನು ಮೆಚ್ಚಿಕೊಂಡಿದ್ದೇನೆ. ಅದಕ್ಕಿಂತ ಹೆಚ್ಚಿನದನ್ನು ಮೊದಲ ಪ್ರವಾಸದಲ್ಲೇ ಬಯಸಿದವರ ಬಗ್ಗೆ ಯಾವಾಗಲೂ ಆತಂಕಪಟ್ಟಿದ್ದೇನೆ.

ರಾಫ್ಟಿಂಗ್‌ನ ಅನುಭವ ಕಯಾಕ್‌ಗೆ ಎಷ್ಟು ಸಹಾಯಕ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ರಾಫ್ಟ್‌ನಲ್ಲಿ ನದಿಯನ್ನು ಓದುವವನು ಹಿಂದೆ ಕುಳಿತ ಗೈಡ್. ಯಾವ ನಾಲಗೆಯಂತಹ ನುಣುಪು ನೀರಿನಲ್ಲಿ ಒಳಹೋಗಬೇಕು, ಯಾವ ಬಂಡೆಯನ್ನು ಎಡಕ್ಕೆ ಬಿಡಬೇಕು, ಯಾವಾಗ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು ಎಂಬ ತೀರ್ಮಾನಗಳೆಲ್ಲ ಅವನವು. ಉಳಿದವರು ಕೂಗಿಗೆ ತಕ್ಕಂತೆ ತೋಳು ಆಡಿಸುತ್ತಾರೆ. ನಿಮ್ಮ ಎರಡು ಸಲದ ಕಾಳಿ ಪ್ರಯಾಣದಿಂದ ನೀರಿನ ಸದ್ದು, ಮುಖಕ್ಕೆ ರಾಚುವ ಅಲೆ, ಕೆಳಗೆ ಬಿದ್ದಾಗ ಲೈಫ್ ಜಾಕೆಟ್ ಮೇಲೆತ್ತುವ ಬಗೆ ಇವೆಲ್ಲ ಪರಿಚಯವಾಗಿರುತ್ತವೆ, ಮತ್ತು ಅದು ಸಣ್ಣ ಲಾಭವೇನಲ್ಲ. ಆದರೆ ಕಯಾಕ್ ಎಂದರೆ ಸುಮಾರು ಎರಡೂವರೆ ಮೀಟರ್ ಉದ್ದದ, ಇಪ್ಪತ್ತು ಕಿಲೋ ಆಸುಪಾಸಿನ ಒಂದು ಪ್ಲಾಸ್ಟಿಕ್ ಚಿಪ್ಪು. ಅದರೊಳಗೆ ಸೊಂಟದವರೆಗೆ ಇಳಿದು, ತೊಡೆಗಳನ್ನು ಒಳಗಿನ ಆನಿಕೆಗಳಿಗೆ ಒತ್ತಿ, ದೋಣಿಯ ಬಾಯಿಯನ್ನು, ನೀರು ಒಳನುಗ್ಗದಂತೆ ಸೊಂಟಕ್ಕೆ ತೊಡುವ ಹೊದಿಕೆಯಾದ ಸ್ಪ್ರೇ ಸ್ಕರ್ಟ್‌ನಿಂದ ಮುಚ್ಚಿಕೊಂಡು ಕೂರುತ್ತೀರಿ. ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಧ್ರುವದ ಅಂಚಿನ ಇನುಯಿಟ್ ಬೇಟೆಗಾರರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಟ್ಟುತ್ತಿದ್ದ ದೋಣಿಯ ವಂಶವಿದು. ಏರಿ ಕೂರುವುದಕ್ಕಿಂತ ತೊಟ್ಟುಕೊಳ್ಳುವ ದೋಣಿ ಎಂದರೆ ಹೆಚ್ಚು ಸರಿ. ನಿಮ್ಮ ಸೊಂಟ ಒಂದು ಕಡೆಗೆ ವಾಲಿದರೆ ಅದೂ ವಾಲುತ್ತದೆ. ನದಿಯನ್ನು ಓದುವ ಕೆಲಸವೂ ದೋಣಿ ನಡೆಸುವ ಕೆಲಸವೂ ಮಗುಚಿದಾಗ ಎದ್ದು ಬರುವ ಕೆಲಸವೂ ನಿಮ್ಮೊಬ್ಬರದ್ದೇ.

ಇನ್ನು ನದಿ. ದೇವಪ್ರಯಾಗದಲ್ಲಿ ಅಲಕನಂದಾ ಮತ್ತು ಭಾಗೀರಥಿ ಕೂಡಿದ ಮೇಲೆ ಗಂಗೆಯೆಂದು ಕರೆಸಿಕೊಳ್ಳುವ ಈ ನೀರು, ಋಷಿಕೇಶದ ಬಯಲನ್ನು ಮುಟ್ಟುವವರೆಗೆ ಆಳವಾದ ಕಣಿವೆಯಲ್ಲಿ ಹರಿಯುತ್ತದೆ. ಕೌಡಿಯಾಲಾ ಋಷಿಕೇಶದಿಂದ ಸುಮಾರು 36 ಕಿಲೋಮೀಟರ್ ಮೇಲಿದೆ, ಶಿವಪುರಿ ಸುಮಾರು 16 ಕಿಲೋಮೀಟರ್, ಬ್ರಹ್ಮಪುರಿ ಅದಕ್ಕಿಂತಲೂ ಕೆಳಗೆ. ಕೌಡಿಯಾಲಾದ ಕೆಳಗೆ ‘ಡೇನಿಯಲ್ಸ್ ಡಿಪ್’ ಮತ್ತು ‘ದಿ ವಾಲ್’ ಎಂಬ, ನೀರು ಬಂಡೆಗಳ ನಡುವೆ ರಭಸದಿಂದ ಅಬ್ಬರಿಸಿ ಹರಿಯುವ ರ್‍ಯಾಪಿಡ್‌ಗಳಿವೆ. ಎರಡನೆಯದು ಎಂಟು ಜನ ಕೂತ ರಾಫ್ಟನ್ನೂ ಮಗುಚಿ ಹಾಕುವುದಕ್ಕೆ ಹೆಸರಾದದ್ದು. ಅದರ ಕೆಳಗಿನ ದಡದ ಜಾಗವಾದ ಮರೀನ್ ಡ್ರೈವ್‌ನಿಂದ ಶಿವಪುರಿಯ ನಡುವೆ ‘ಕ್ರಾಸ್‌ಫೈರ್’, ‘ತ್ರೀ ಬ್ಲೈಂಡ್ ಮೈಸ್’ ಬರುತ್ತವೆ. ಶಿವಪುರಿಯ ಕೆಳಗೆ ‘ರಿಟರ್ನ್ ಟು ಸೆಂಡರ್’, ‘ರೋಲರ್ ಕೋಸ್ಟರ್’, ‘ಗೋಲ್ಫ್ ಕೋರ್ಸ್’, ‘ಕ್ಲಬ್ ಹೌಸ್’. ಬ್ರಹ್ಮಪುರಿ ದಾಟಿದ ಮೇಲೆ ‘ಡಬಲ್ ಟ್ರಬಲ್’, ‘ಹಿಲ್ಟನ್’ ಮೊದಲಾದವು. ನದಿಯ ಕಷ್ಟವನ್ನು ಒಂದರಿಂದ ಆರರವರೆಗಿನ ಅಂತರರಾಷ್ಟ್ರೀಯ ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದೆಂದರೆ ಸಣ್ಣ ಅಲೆಗಳ ಹರಿಯುವ ನೀರು, ಆರೆಂದರೆ ಪರಿಣತರಿಗೂ ಪ್ರಾಣಾಪಾಯವಿರುವಂಥದ್ದು. ‘ದಿ ವಾಲ್’ ನಾಲ್ಕನೆಯ ದರ್ಜೆಯದು. ಹೊಸಬರು ಐದನೆಯ ದಿನಕ್ಕೆ ಎರಡನೆಯ ದರ್ಜೆಯನ್ನು ನೆಮ್ಮದಿಯಿಂದ ದಾಟಿದರೆ ಅದು ಒಳ್ಳೆಯ ಪ್ರಗತಿ. ಈ ಭಾಗದ ಗಂಗೆ ಕಲಿಯುವವರ ಮೇಲೆ ಒಂದು ದಯೆ ತೋರುತ್ತದೆ: ಬಹುಪಾಲು ರ್‍ಯಾಪಿಡ್‌ಗಳ ಕೆಳಗೆ ಉದ್ದನೆಯ, ಅಗಲವಾದ, ನಿಧಾನದ ಮಡು ಇರುತ್ತದೆ. ದೋಣಿ ಬಿಟ್ಟು ಈಜುತ್ತಿರುವವನನ್ನು ಒಂದುಗೂಡಿಸಿಕೊಳ್ಳಲು ಅಲ್ಲಿ ಸಮಯ ಸಿಗುತ್ತದೆ. ಇಷ್ಟು ದೊಡ್ಡ ನದಿಯಲ್ಲಿ ಹೊಸಬರಿಗೆ ಕಲಿಸಲು ನಮಗೆ ಧೈರ್ಯ ಬರುವುದು ಈ ಮಡುಗಳಿಂದಲೇ.

ನಿಮ್ಮ ಪತ್ರದಲ್ಲಿ ‘ನಡೆಸಿಕೊಂಡು ಬರುವ’ ಮಾತಿದೆ. ‘ನಿಲ್ಲುವುದು’ ಎಂಬುದು ಒಮ್ಮೆಯೂ ಬಂದಿಲ್ಲ. ಮುಂದಕ್ಕೆ ಹೋಗುವುದಕ್ಕೆ ಕಯಾಕ್‌ನಲ್ಲಿ ಏನನ್ನೂ ಕಲಿಯಬೇಕಾಗಿಲ್ಲ. ಒಂದು ಮರದ ದಿಮ್ಮಿಯನ್ನು ಕೌಡಿಯಾಲಾದಲ್ಲಿ ನೀರಿಗೆ ಬಿಟ್ಟರೆ ಅದೂ ಋಷಿಕೇಶಕ್ಕೆ ಬರುತ್ತದೆ. ದಿಮ್ಮಿಗೂ ಕಯಾಕ್ ನಡೆಸುವವನಿಗೂ ಇರುವ ವ್ಯತ್ಯಾಸ, ಬೇಕಾದ ಕಡೆ ನಿಲ್ಲಬಲ್ಲ ಸಾಮರ್ಥ್ಯ. ಹರಿಯುವ ನೀರಿನಲ್ಲಿ ನಿಲ್ಲಿಸುವ ಬ್ರೇಕ್ ಇಲ್ಲ. ನಿಲ್ಲುವ ಜಾಗಗಳು ಮಾತ್ರ ಇವೆ. ನದಿಯ ಮಧ್ಯೆ ಬಂಡೆಯೊಂದಿದ್ದರೆ ನೀರು ಅದರ ಎರಡೂ ಪಕ್ಕದಿಂದ ಸರಿದು ಹೋಗುತ್ತದೆ, ಬಂಡೆಯ ಬೆನ್ನಿನ ಕಡೆ ಖಾಲಿಯಾದ ಜಾಗವನ್ನು ತುಂಬಲು ಸ್ವಲ್ಪ ನೀರು ಕೆಳಗಿನಿಂದ ಮೇಲಕ್ಕೆ ತಿರುಗಿ ಬರುತ್ತದೆ. ದಡವು ಒಳಕ್ಕೆ ಬಾಗಿರುವಲ್ಲಿಯೂ ಹೀಗೆಯೇ ಆಗುತ್ತದೆ. ಈ ಜಾಗಕ್ಕೆ ಕಯಾಕ್‌ನವರು ಎಡ್ಡಿ ಎನ್ನುತ್ತಾರೆ. ಸುತ್ತಲೂ ನದಿ ಅಬ್ಬರಿಸುತ್ತಿದ್ದರೂ ಎಡ್ಡಿಯೊಳಗೆ ಸೇರಿದ ದೋಣಿ ಹೆಚ್ಚು ಶ್ರಮವಿಲ್ಲದೆ ನಿಂತಿರುತ್ತದೆ. ಅಲ್ಲಿ ಉಸಿರು ತೆಗೆದುಕೊಳ್ಳಬಹುದು, ಕೆಳಗಿನ ನೀರನ್ನು ನೋಡಬಹುದು, ಹಿಂದಿರುವ ಗೆಳೆಯನಿಗೆ ಕಾಯಬಹುದು, ಬೇಡವೆನಿಸಿದರೆ ದಡಕ್ಕೆ ಇಳಿದು ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬಹುದು. ಎಡ್ಡಿಯಿಂದ ಎಡ್ಡಿಗೆ ಸಾಗುವವನು ಒಂದು ದೊಡ್ಡ ರ್‍ಯಾಪಿಡನ್ನು ಐದಾರು ಸಣ್ಣ ತುಂಡುಗಳಾಗಿ ಮಾಡಿಕೊಳ್ಳುತ್ತಾನೆ; ಎಡ್ಡಿ ಹಿಡಿಯಲು ಬಾರದವನಿಗೆ ಅದೇ ರ್‍ಯಾಪಿಡ್ ಮೊದಲಿನಿಂದ ಕೊನೆಯವರೆಗೆ ಒಂದೇ ಏಟು.

ಎಡ್ಡಿಗೆ ಸೇರುವುದು ಹೇಳಿದಷ್ಟು ಸುಲಭವಲ್ಲ. ಕೆಳಕ್ಕೆ ಓಡುವ ನೀರಿಗೂ ಮೇಲಕ್ಕೆ ತಿರುಗಿದ ನೀರಿಗೂ ನಡುವೆ ಒಂದು ಗೆರೆ ಇರುತ್ತದೆ. ದೊಡ್ಡ ನೀರಿನಲ್ಲಿ ಆ ಗೆರೆ ಸುಳಿಗಳಿಂದ ತುಂಬಿ ಗಡಗಡಿಸುತ್ತದೆ. ದೋಣಿಯ ಮೂತಿ ಎಡ್ಡಿಯ ನೀರನ್ನು ಮುಟ್ಟಿದಾಗ ಅದು ಮೇಲಕ್ಕೆ ತಳ್ಳಲ್ಪಡುತ್ತದೆ, ಬಾಲವಿನ್ನೂ ಕೆಳಕ್ಕೆ ಸೆಳೆಯಲ್ಪಡುತ್ತಿರುತ್ತದೆ, ದೋಣಿ ಗಿರಕ್ಕನೆ ತಿರುಗುತ್ತದೆ. ಸೈಕಲ್ ಸವಾರ ತಿರುವಿನಲ್ಲಿ ಒಳಕ್ಕೆ ವಾಲುವಂತೆ ನೀವೂ ತಿರುವಿನ ಒಳಗಡೆಗೆ ವಾಲಬೇಕು. ಎಡ್ಡಿಯಿಂದ ಹೊರಡುವಾಗಲೂ ಇದೇ ನಿಯಮ: ಎದುರಿನಿಂದ ಬರುವ ನೀರಿನ ಕಡೆಯ ಅಂಚನ್ನು ತೊಡೆಯಿಂದ ಎತ್ತಿ ಹಿಡಿಯಬೇಕು. ಅದನ್ನು ಮರೆತರೆ ನೀರು ಆ ಅಂಚಿನ ಮೇಲೆ ಹತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ದೋಣಿಯನ್ನು ಮಗುಚುತ್ತದೆ. ಹೊಸಬರು ಮಗುಚುವುದು ರ್‍ಯಾಪಿಡ್‌ನ ದೊಡ್ಡ ಅಲೆಗಳ ನಡುವೆಯೇ ಎಂದು ನೋಡುವವರು ಭಾವಿಸುತ್ತಾರೆ. ನಾನು ಕಂಡಂತೆ ಹೆಚ್ಚಿನವರು ಮಗುಚುವುದು ಈ ಗೆರೆಯ ಮೇಲೆ.

ಎರಡನೆಯ ಪಾಠ ಫೆರ್ರಿ, ಅಂದರೆ ಕೆಳಗೆ ಜಾರದೆ ನದಿಯನ್ನು ಅಡ್ಡ ದಾಟುವುದು. ಇದನ್ನು ನಮ್ಮವರಿಗೆ ವಿವರಿಸುವಾಗ ನಾನು ಹಂಪಿಯ ಕಡೆಯ ಹರಿಗೋಲನ್ನು ನೆನಪಿಸುತ್ತೇನೆ. ತುಂಗಭದ್ರೆ ತುಂಬಿ ಹರಿಯುವಾಗ ಆನೆಗೊಂದಿಯ ಕಡೆಗೆ ದಾಟಿಸುವ ಅಂಬಿಗ ನೇರವಾಗಿ ಎದುರು ದಡಕ್ಕೆ ಹುಟ್ಟು ಹಾಕಿದರೆ ಎಲ್ಲೋ ಕೆಳಗೆ ಹೋಗಿ ಸೇರಬೇಕಾಗುತ್ತದೆ. ಅವನು ಮೊದಲು ದಡದ ನಿಧಾನದ ನೀರಿನಲ್ಲಿ ಮೇಲಕ್ಕೆ ಸಾಗಿ, ಅಲ್ಲಿಂದ ಸೆಳವಿಗೆ ಓರೆಯಾಗಿ ಬಿಡುತ್ತಾನೆ. ಕಯಾಕ್‌ನಲ್ಲಿಯೂ ಮೂತಿಯನ್ನು ಹೊನಲಿಗೆ ಎದುರಾಗಿಟ್ಟು, ದಾಟಬೇಕಾದ ದಡದ ಕಡೆಗೆ ಸ್ವಲ್ಪವೇ ಓರೆ ಮಾಡಿ ಹುಟ್ಟು ಹಾಕಿದರೆ ನೀರೇ ನಿಮ್ಮನ್ನು ಪಕ್ಕಕ್ಕೆ ಸರಿಸುತ್ತದೆ. ನೀರಿನ ವೇಗ ಹೆಚ್ಚಿದಷ್ಟೂ ಓರೆ ಕಡಿಮೆಯಿರಬೇಕು. ವೇಗ ಎರಡು ಪಟ್ಟಾದರೆ ನೀರಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಎಂಜಿನಿಯರಿಂಗ್ ಓದಿದವರು ಪುಸ್ತಕದಲ್ಲಿ ಕಂಡಿರುತ್ತಾರೆ; ಫೆರ್ರಿಯ ಕೋನ ತಪ್ಪಿದ ದಿನ ಅದು ತೋಳಿಗೆ ಗೊತ್ತಾಗುತ್ತದೆ.

ಆದರೆ ಇವೆಲ್ಲಕ್ಕಿಂತ ಮೊದಲು, ಮಗುಚಿದ ದೋಣಿಯಿಂದ ಹೊರಬರುವುದನ್ನು ಕಲಿಯಬೇಕು. ತಲೆಕೆಳಗಾಗಿ ನೇತಾಡುತ್ತಿರುವಾಗ ಮುಂದಕ್ಕೆ ಬಾಗಿ, ದೋಣಿಯ ಬದಿಗಳನ್ನು ತಟ್ಟಿ, ಸ್ಪ್ರೇ ಸ್ಕರ್ಟ್‌ನ ಮುಂದಿನ ಕುಣಿಕೆಯನ್ನು ಎಳೆದು ಬಿಚ್ಚಿ, ಪ್ಯಾಂಟು ಕಳಚುವಂತೆ ದೋಣಿಯನ್ನು ಸೊಂಟದಿಂದ ಕಳಚಿ ಹೊರಬರುವುದು. ಇದಕ್ಕೆ ನಾಲ್ಕೈದು ಸೆಕೆಂಡು ಸಾಕು. ಮೊದಲ ಸಲ ಅದು ಬಹಳ ದೀರ್ಘವೆನಿಸುತ್ತದೆ, ಮೂಗಿಗೆ ನೀರು ಹೋಗುತ್ತದೆ, ಕೆಲವರು ಅತ್ತುಬಿಡುತ್ತಾರೆ. ಅದು ನಾಚಿಕೆಯ ವಿಷಯವಲ್ಲ. ಇದನ್ನು ಹತ್ತು ಸಲವಾದರೂ ಮಾಡಿ, ಹನ್ನೊಂದನೆಯ ಸಲ ಹೊರಬರುವ ಮೊದಲು ಮೂರು ಎಣಿಸುವ ತಾಳ್ಮೆ ಬಂದಿದ್ದರೆ ನೀವು ಹರಿಯುವ ನೀರಿಗೆ ಸಿದ್ಧರು. ಈ ಅಭ್ಯಾಸವನ್ನು ಮೈಸೂರಿನ ಅಥವಾ ಬೆಂಗಳೂರಿನ ಈಜುಕೊಳದಲ್ಲಿಯೇ, ತಿಳಿದವರೊಬ್ಬರು ಪಕ್ಕದಲ್ಲಿ ನಿಂತಿರುವಾಗ, ಮಾಡಿಕೊಳ್ಳಲು ಸಾಧ್ಯವಾದರೆ ಋಷಿಕೇಶದಲ್ಲಿ ನಿಮಗೆ ಒಂದು ದಿನ ಉಳಿಯುತ್ತದೆ. ದೋಣಿಯಿಂದ ಹೊರಬರದೆ ಸೊಂಟದ ಬಲದಿಂದಲೇ ಮೇಲೇಳುವ ವಿದ್ಯೆ ರೋಲ್. ಆರ್ಕ್ಟಿಕ್‌ನ ಬೇಟೆಗಾರರಿಗೆ ತಲೆಮಾರುಗಳಿಂದ ಗೊತ್ತಿದ್ದ ಇದನ್ನು ಯುರೋಪಿಯನ್ನರಲ್ಲಿ ಮೊದಲು ಸಾಧಿಸಿದವರು ಆಸ್ಟ್ರಿಯಾದ ಹನ್ಸ್ ಪಾವ್ಲಾಟಾ, 1927ರಲ್ಲಿ. ಕೆಲವರಿಗೆ ನಾಲ್ಕು ದಿನಗಳಲ್ಲಿ ರೋಲ್ ಒಲಿಯುತ್ತದೆ, ಹಲವರಿಗೆ ತಿಂಗಳುಗಳು ಬೇಕಾಗುತ್ತವೆ. ತಲೆಯನ್ನು ಎಲ್ಲಕ್ಕಿಂತ ಕೊನೆಗೆ ಎತ್ತಬೇಕೆಂಬುದು ಅದರ ಗುಟ್ಟು. ಉಸಿರು ಬೇಕೆನಿಸಿದ ಮನುಷ್ಯ ಮೊದಲು ಎತ್ತುವುದು ತಲೆಯನ್ನೇ ಆದ್ದರಿಂದ ಅದು ಕಷ್ಟ. ನಿಂತ ನೀರಿನಲ್ಲಿ ಬಂದ ರೋಲ್ ರ್‍ಯಾಪಿಡ್‌ನಲ್ಲೂ ಬರುತ್ತದೆಂದು ಲೆಕ್ಕ ಹಾಕಬೇಡಿ.

ಐವರಿಗೆ ಚೆನ್ನಾಗಿ ಈಜು ಬರುತ್ತದೆಂದು ಬರೆದಿದ್ದೀರಿ. ಒಳ್ಳೆಯದು. ಆದರೆ ಹೊಳೆಯಲ್ಲಿ ಈಜುವ ರೀತಿಯೇ ಬೇರೆ. ದೋಣಿ ಕೈಬಿಟ್ಟ ಕೂಡಲೇ ಅಂಗಾತ ಮಲಗಿ, ಪಾದಗಳನ್ನು ಕೆಳಹೊನಲಿನ ಕಡೆಗೆ ಚಾಚಿ, ಬೆರಳ ತುದಿಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ಬಂಡೆ ಬಂದರೆ ಪಾದಗಳು ಮೊದಲು ತಾಗಲಿ. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಎಂದಿಗೂ ಪ್ರಯತ್ನಿಸಬಾರದು. ಇದನ್ನು ನಾನು ಪ್ರತಿ ತಂಡಕ್ಕೂ ಮೂರು ಸಲ ಹೇಳುತ್ತೇನೆ, ಏಕೆಂದರೆ ನೆಲ ಕಾಲಿಗೆ ಸಿಕ್ಕಿದೊಡನೆ ನಿಲ್ಲುವುದು ನಮ್ಮ ಹುಟ್ಟುಗುಣ. ಎರಡು ಕಲ್ಲುಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ಹಿಂದಿನಿಂದ ನೂಕುವ ನೀರು ಮನುಷ್ಯನನ್ನು ಮುಂದಕ್ಕೆ ಕೆಡವಿ ಅಲ್ಲೇ ಅದುಮಿಡುತ್ತದೆ. ತೊಡೆಮಟ್ಟದ ನೀರಿನಲ್ಲಿಯೂ ಹೀಗೆ ಸಾವು ಸಂಭವಿಸುತ್ತದೆ. ನೀರು ಮೊಣಕಾಲಿಗಿಂತ ಕೆಳಗಿರುವ ಕಡೆ, ಅಥವಾ ಎಡ್ಡಿಯಲ್ಲಿ ಮಾತ್ರ ಎದ್ದು ನಿಲ್ಲಿ. ಇದಕ್ಕೊಂದು ಅಪವಾದವಿದೆ. ನೀರಿಗೆ ಅಡ್ಡ ಬಿದ್ದ ಮರವಿದ್ದರೆ ಪಾದ ಮುಂದೆ ಮಾಡಿ ಹೋಗಬಾರದು, ಏಕೆಂದರೆ ಕೊಂಬೆಗಳ ನಡುವೆ ನೀರು ಜರಡಿಯಲ್ಲಿ ಸೋಸಿದಂತೆ ಹೋಗುತ್ತದೆ, ಮೈ ಮಾತ್ರ ಉಳಿದುಬಿಡುತ್ತದೆ; ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲವೆಂದಾದರೆ ತಿರುಗಿ, ಬಲವಾಗಿ ಈಜಿ, ಎದೆಯನ್ನು ಮರದ ಮೇಲಕ್ಕೆ ಎಸೆದುಕೊಂಡು ಹತ್ತಬೇಕು. ಹುಟ್ಟನ್ನೂ ದೋಣಿಯನ್ನೂ ಸಾಧ್ಯವಾದಷ್ಟು ಹೊತ್ತು ಹಿಡಿದಿರಿ, ಆದರೆ ದೋಣಿಯ ಕೆಳಹೊನಲಿನ ಕಡೆ ಎಂದೂ ಇರಬೇಡಿ. ನೀರು ತುಂಬಿದ ಕಯಾಕ್ ನೂರು ಕಿಲೋ ಮೀರುತ್ತದೆ, ಅದಕ್ಕೂ ಬಂಡೆಗೂ ನಡುವೆ ನೀವು ಸಿಕ್ಕಿಕೊಳ್ಳಬಾರದು.

ಈಗ ನಿಮ್ಮ ಸ್ನೇಹದ ವಿಚಾರ. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆರು ಜನ ಒಟ್ಟಿಗಿದ್ದೇವೆ, ಹಾಗಾಗಿ ಅಪಾಯ ಕಡಿಮೆ ಎಂಬ ಭಾವನೆ ನಿಮ್ಮಲ್ಲಿರಬಹುದು. ಬಲ್ಲವರ ನಡುವೆ ಅದು ನಿಜ. ಒಬ್ಬನೇ ಹೊಳೆಗಿಳಿಯಬಾರದೆಂಬುದು ಈ ವಿದ್ಯೆಯ ಮೊದಲ ನಿಯಮಗಳಲ್ಲೊಂದು. ಆದರೆ ಎಡ್ಡಿ ಹಿಡಿಯಲು ಬಾರದ ಆರು ಜನ ಒಬ್ಬರಿಗೊಬ್ಬರು ಸಹಾಯ ಮಾಡಲಾರರು. ಒಬ್ಬನು ಮಗುಚಿದಾಗ ಉಳಿದ ಐವರು ಅವನನ್ನು ನೋಡುತ್ತಾ ಕೆಳಗೆ ತೇಲಿಹೋಗುತ್ತಾರೆ, ಅಷ್ಟೇ. ಜೊತೆಗೆ, ತಂಡ ಎಷ್ಟು ದೊಡ್ಡದಿರಬೇಕೆಂಬುದನ್ನು ತೀರ್ಮಾನಿಸುವುದು ನದಿ. ಮಧ್ಯಮ ಗಾತ್ರದ ಎಡ್ಡಿಯಲ್ಲಿ ನಾಲ್ಕು ದೋಣಿಗಳು ಹಿಡಿಸಿದರೆ ಹೆಚ್ಚು. ಐದನೆಯವನು ಬರುವಾಗ ಮೊದಲನೆಯವನು ಹೊರಡಲೇಬೇಕಾಗುತ್ತದೆ, ಅವನು ಸಿದ್ಧನಿಲ್ಲದಿದ್ದರೂ. ಆದ್ದರಿಂದ ಈಜು ಬರುವ ನೀವು ಐವರು ಮೂವರ ಒಂದು, ಇಬ್ಬರ ಒಂದು ಹೀಗೆ ಎರಡು ತಂಡಗಳಾಗಿ, ಪ್ರತಿ ತಂಡಕ್ಕೂ ಒಬ್ಬ ಶಿಕ್ಷಕರನ್ನಿಟ್ಟುಕೊಂಡು ಇಳಿಯಿರಿ. ಖರ್ಚು ಹೆಚ್ಚಾಗುತ್ತದೆ, ಆದರೆ ಖರ್ಚು ಕಡಿಮೆ ಮಾಡಬೇಕಾದ ಜಾಗ ಇದಲ್ಲ.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಹಲವು ವರ್ಷಗಳ ಹಿಂದೆ ನಿಮ್ಮಂಥದೇ ಒಂದು ಗೆಳೆಯರ ಗುಂಪು ನನ್ನ ಬಳಿ ಕಲಿಯಲು ಬಂದಿತ್ತು. ನಾಲ್ಕನೆಯ ದಿನ, ‘ಗೋಲ್ಫ್ ಕೋರ್ಸ್’ ರ್‍ಯಾಪಿಡ್‌ನ ಮೇಲಿನ ದಡದಲ್ಲಿ ನಿಂತು ನೋಡುತ್ತಿದ್ದಾಗ, ಅವರಲ್ಲಿ ಚೆನ್ನಾಗಿ ಕಲಿತಿದ್ದ ಇಬ್ಬರು ದೋಣಿಯಲ್ಲಿ ಹೋಗುತ್ತೇವೆಂದರು. ಮೂರನೆಯವನು ಸುಮ್ಮನಿದ್ದ. ಗೆಳೆಯರು ಅವನನ್ನು ಗೇಲಿ ಮಾಡಲಿಲ್ಲ, ಒತ್ತಾಯಿಸಲೂ ಇಲ್ಲ. ಪ್ರೀತಿಯಿಂದ ಬೆನ್ನು ತಟ್ಟಿ, ‘ನಾವಿದ್ದೇವಲ್ಲ, ಬಾರೋ’ ಎಂದರು. ಅವನು ಬಂದ. ನಾನು ಅವನ ಮೌನವನ್ನು ಕೇಳಿಸಿಕೊಳ್ಳಬೇಕಿತ್ತು, ಕೇಳಿಸಿಕೊಳ್ಳಲಿಲ್ಲ. ಮೊದಲ ಅಲೆಯಲ್ಲೇ ಅವನು ಮಗುಚಿ, ತೋಳು ತಲೆಯ ಹಿಂದಕ್ಕೆ ಹೋಗಿ ಭುಜದ ಕೀಲು ತಪ್ಪಿತು. ಕೆಳಗಿನ ಮಡುವಿನಲ್ಲಿ ಅವನನ್ನು ಹಿಡಿದು ದಡಕ್ಕೆ ತಂದೆವು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಅಂದಿನಿಂದ ನನ್ನ ತಂಡಗಳಲ್ಲಿ ಒಂದು ಕಟ್ಟಳೆಯಿದೆ: ರ್‍ಯಾಪಿಡ್‌ನ ಮೇಲೆ ನಿಂತಾಗ ಪ್ರತಿಯೊಬ್ಬರೂ ಬಾಯಿಬಿಟ್ಟು ‘ಹೋಗುತ್ತೇನೆ’ ಅಥವಾ ‘ನಡೆಯುತ್ತೇನೆ’ ಎನ್ನಬೇಕು. ಮೌನವೆಂದರೆ ‘ನಡೆಯುತ್ತೇನೆ’ ಎಂದೇ ಅರ್ಥ. ನಡೆಯುತ್ತೇನೆ ಎಂದವರನ್ನು ಯಾರೂ ಏಕೆಂದು ಕೇಳುವಂತಿಲ್ಲ, ಪ್ರೋತ್ಸಾಹಿಸುವಂತೆಯೂ ಇಲ್ಲ. ದೋಣಿ ಹೊತ್ತು ನಡೆಯುವುದು ಈ ಆಟದ ಒಂದು ಭಾಗ, ಜಗತ್ತಿನ ದೊಡ್ಡ ಪರಿಣತರೂ ನಡೆಯುತ್ತಾರೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರ ತಂಡ 1977ರಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಜೆಟ್ ದೋಣಿಗಳಲ್ಲಿ ಇದೇ ಕಣಿವೆಯನ್ನು ಹಾದು ಮೇಲೇರಿತು. ನಂದಪ್ರಯಾಗದ ಬಳಿ ಜಲಪಾತ ಎದುರಾದಾಗ ಅಂಥ ಎಂಜಿನ್‌ಗಳಿದ್ದ ಅವರೂ ದೋಣಿಯ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಿ, ಮುಂದೆ ದಡದ ದಾರಿ ಹಿಡಿದರು.

ನೀರಿನ ಸದ್ದಿನಲ್ಲಿ ಮಾತು ಕೇಳಿಸದು. ಸಂಜ್ಞೆಗಳನ್ನು ದಡದಲ್ಲಿಯೇ ಕಲಿತಿರಬೇಕು. ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ ಬರಬಹುದು, ತಲೆಯ ಮೇಲೆ ಅಡ್ಡಲಾಗಿ ಹಿಡಿದರೆ ನಿಲ್ಲಬೇಕು, ತಲೆ ತಟ್ಟಿಕೊಂಡರೆ ಕ್ಷೇಮ, ಮೂರು ಸಲ ಸೀಟಿ ಊದಿದರೆ ಅಪಾಯ.

ಕಾಲದ ಬಗ್ಗೆ: ಏಪ್ರಿಲ್ ಕೆಟ್ಟ ಆಯ್ಕೆಯಲ್ಲ, ಆದರೆ ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲವನ್ನು ಹೇಳುತ್ತೇನೆ. ಮಳೆಗಾಲದ ಕೆಸರು ಇಳಿದು ನೀರು ಹಸಿರಾಗಿ, ತಿಳಿಯಾಗಿ, ದಿನದಿಂದ ದಿನಕ್ಕೆ ಇಳಿಯುತ್ತಿರುತ್ತದೆ. ಬಂಡೆಗಳೂ ಎಡ್ಡಿಗಳೂ ಸ್ಪಷ್ಟವಾಗಿ ಕಾಣುತ್ತವೆ. ಡಿಸೆಂಬರ್, ಜನವರಿಯಲ್ಲಿ ನೀರಿಗಿಳಿಯಲು ಮೈ ಒಪ್ಪದು. ಮಾರ್ಚ್, ಏಪ್ರಿಲ್‌ನಲ್ಲಿ ಹಿಮ ಕರಗಲಾರಂಭಿಸಿ ನೀರು ನಿಧಾನವಾಗಿ ಏರುತ್ತದೆ, ಮೇ-ಜೂನ್ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗಿ ಜೋರಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ರಾಫ್ಟಿಂಗ್ ನಿಲ್ಲಿಸಲಾಗುತ್ತದೆ, ಆಗ ಹೊಸಬರು ಈ ನದಿಯ ಕಡೆ ನೋಡಲೂಬಾರದು. ಏಪ್ರಿಲ್‌ನಲ್ಲೇ ಹೋಗುವುದಾದರೆ ತಿಂಗಳ ಮೊದಲ ಭಾಗದಲ್ಲಿ, ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಿ. ಶನಿವಾರ, ಭಾನುವಾರ ಶಿವಪುರಿಯ ಕೆಳಗೆ ರಾಫ್ಟ್‌ಗಳ ಸಾಲೇ ಇರುತ್ತದೆ, ಅಲೆಯಲ್ಲಿ ಸಿಕ್ಕಿದ ರಾಫ್ಟ್ ನಿಮಗಾಗಿ ನಿಲ್ಲಲಾರದು.

ಚಳಿಯ ಬಗ್ಗೆ ನಮ್ಮವರು ಲಘುವಾಗಿ ಯೋಚಿಸುತ್ತಾರೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆ ನಮ್ಮ ಕೆರೆ, ಹೊಳೆಗಳಿಗೆ ಹೊಂದಬಹುದು. ಹಿಮದ ನೀರಿಗೆ ಹೊಂದುವುದಿಲ್ಲ. ದಡದಲ್ಲಿ ಮೂವತ್ತು ಡಿಗ್ರಿ ಬಿಸಿಲಿದ್ದರೂ, ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಆ ಒಂದು ನಿಮಿಷ ಏನನ್ನೂ ಸಾಧಿಸಲು ಹೋಗದೆ ಮುಖವನ್ನು ನೀರಿನ ಮೇಲಿಟ್ಟು ಉಸಿರನ್ನು ಹತೋಟಿಗೆ ತಂದುಕೊಳ್ಳಬೇಕು. ಆಮೇಲೆ ಬೆರಳುಗಳ ಶಕ್ತಿ ಕುಂದತೊಡಗುತ್ತದೆ, ಎಸೆದ ಹಗ್ಗವನ್ನು ಹಿಡಿಯುವುದೂ ಕಷ್ಟವಾಗುತ್ತದೆ. ಹತ್ತಿಯ ಬಟ್ಟೆ ಬೇಡ. ಮೈಯ ಬಿಸಿ ಕಾಯುವ, ರಬ್ಬರಿನಂಥ ನಿಯೊಪ್ರೀನ್ ಉಡುಪನ್ನು ಬಾಡಿಗೆಗೆ ಕೇಳಿ ತೆಗೆದುಕೊಳ್ಳಿ.

ಇನ್ನೊಂದು ಸಂಗತಿ ಅಣೆಕಟ್ಟು. ಭಾಗೀರಥಿಯ ನೀರು 260.5 ಮೀಟರ್ ಎತ್ತರದ ತೆಹ್ರಿ ಅಣೆಕಟ್ಟಿನಲ್ಲಿ ನಿಂತು, ಅದರ ಕೆಳಗಿನ ಕೋಟೇಶ್ವರದಲ್ಲಿ ಮತ್ತೊಮ್ಮೆ ನಿಂತು, ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ಬಿಡುಗಡೆಯಾಗುತ್ತದೆ. ಆಕಾಶದಲ್ಲಿ ಮೋಡವಿಲ್ಲದಿದ್ದರೂ ಕೆಲವೇ ಗಂಟೆಗಳಲ್ಲಿ ಮರಳದಂಡೆಯ ಅಂಚು ಮೇಲೆ ಸರಿಯಬಹುದು. ಒಮ್ಮೆ ನಾವು ಸಂಜೆ ನೀರಿನಿಂದ ಐದಾರು ಹೆಜ್ಜೆ ದೂರದಲ್ಲಿ ಕವುಚಿಟ್ಟಿದ್ದ ದೋಣಿಗಳಲ್ಲಿ ಎರಡು ಬೆಳಗಾಗುವಷ್ಟರಲ್ಲಿ ತೇಲಿಹೋಗಿದ್ದವು. ದೋಣಿಗಳನ್ನು ಎತ್ತರಕ್ಕೆ ಹೊತ್ತು ಕಟ್ಟಿಡಿ, ಪ್ರತಿದಿನ ಬೆಳಿಗ್ಗೆ ಒಂದು ಕಲ್ಲನ್ನು ಗುರುತಿಟ್ಟುಕೊಂಡು ನೀರಿನ ಮಟ್ಟವನ್ನು ಗಮನಿಸಿ. ಕೊನೆಯಲ್ಲಿ ದಡ ಸೇರುವ ಜಾಗವನ್ನೂ ಮೊದಲೇ ಕಣ್ಣಾರೆ ನೋಡಿಕೊಂಡಿರಿ. ಋಷಿಕೇಶದ ಕೆಳಗೆ ಪಶುಲೋಕ್ ಬ್ಯಾರೇಜ್ ಇದೆ, ಅದರ ಹತ್ತಿರಕ್ಕೆ ಯಾವ ದೋಣಿಯೂ ಹೋಗಬಾರದು.

ಸಲಕರಣೆಗಳಲ್ಲಿ ಮೂರನ್ನು ನೀವೇ ಪರೀಕ್ಷಿಸಿ. ಲೈಫ್ ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಗೆಳೆಯನು ಭುಜದ ಬಳಿ ಹಿಡಿದು ಎಳೆದರೆ ಅದು ಗದ್ದಕ್ಕೆ ಏರಬಾರದು. ಹೆಲ್ಮೆಟ್ ಹಣೆಯನ್ನು ಮುಚ್ಚಬೇಕು. ಕಾಲಿಗೆ ಚಪ್ಪಲಿಯ ಬದಲು ಕಟ್ಟುವ ಶೂ ಇರಲಿ. ಹಿಂದೆ ಭುಜದ ಕೀಲು ತಪ್ಪಿದ್ದವರು, ಮೂರ್ಛೆರೋಗವಿರುವವರು ವೈದ್ಯರನ್ನು ಕೇಳದೆ ಕಯಾಕ್‌ಗೆ ಕೂರಬಾರದು. ಉಳಿದವರೂ ಮೊಣಕೈಗಳನ್ನು ಸದಾ ಭುಜಕ್ಕಿಂತ ಕೆಳಗೆ, ಎದೆಯ ಮುಂದೆ ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಮೇಲೆ ಹೇಳಿದ ಹುಡುಗನಿಗೆ ಆದ ಗಾಯ ಕಯಾಕ್‌ನವರಲ್ಲಿ ಬಹಳ ಸಾಮಾನ್ಯ.

ನಿಮ್ಮ ಐದು ದಿನಗಳನ್ನು ನಾನು ಹೊಂದಿಸುವುದಾದರೆ ಹೀಗೆ. ಮೊದಲ ದಿನ ಪೂರ್ತಿ ಶಿವಪುರಿ ಸುತ್ತಿನ ನಿಂತ ಮಡುವಿನಲ್ಲಿ ಹೊರಬರುವ ಅಭ್ಯಾಸ, ಹುಟ್ಟು ಹಾಕುವ ರೀತಿ, ಹಗ್ಗ ಎಸೆಯುವುದು. ಎರಡನೆಯ ದಿನ ದೋಣಿಯಿಲ್ಲದೆ, ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಧರಿಸಿ, ಶಿಕ್ಷಕರು ತೋರಿಸಿದ ಸಣ್ಣ ಅಲೆಗಳ ಜಾಗದಲ್ಲಿ ಈಜಿ ಎಡ್ಡಿ ಸೇರುವುದು, ಮಧ್ಯಾಹ್ನ ಅದೇ ಜಾಗದಲ್ಲಿ ದೋಣಿಯೊಂದಿಗೆ. ಮೂರನೆಯ ದಿನವೂ ಅದೇ ಜಾಗ. ಬೇಸರವೆನಿಸಬಹುದು, ಆದರೆ ಒಂದೇ ಎಡ್ಡಿಗೆ ಮೂವತ್ತು ಸಲ ಹೋಗಿ ಬಂದವರು ಮೂವತ್ತು ಕಿಲೋಮೀಟರ್ ತೇಲಿ ಬಂದವರಿಗಿಂತ ಹೆಚ್ಚು ಕಲಿತಿರುತ್ತಾರೆ. ನಾಲ್ಕನೆಯ ದಿನ ಕಯಾಕ್‌ಗೆ ವಿರಾಮ ಕೊಟ್ಟು, ಅನುಭವಿ ಗೈಡ್‌ನೊಂದಿಗೆ ರಾಫ್ಟ್‌ನಲ್ಲಿ ಮೇಲಿನ ಭಾಗಕ್ಕೆ ಹೋಗಿ ಬನ್ನಿ. ಕೌಡಿಯಾಲಾ ನೋಡುವ ನಿಮ್ಮ ಆಸೆ ಹೀಗೆ ನೆರವೇರಲಿ. ಆ ದಿನ ಗೈಡ್ ಎಲ್ಲಿ ತಿರುಗಿಸಿದ, ಏಕೆ ತಿರುಗಿಸಿದ, ನಾನೇ ಬಂದಿದ್ದರೆ ಎಲ್ಲಿ ನಿಲ್ಲುತ್ತಿದ್ದೆ ಎಂದು ಪ್ರತಿಯೊಬ್ಬರೂ ಗಮನಿಸಿ. ಮೂರು ದಿನಗಳ ಹಿಂದೆ ಬರೀ ನೊರೆಯಾಗಿ ಕಂಡಿದ್ದದ್ದು ಅಂದು ಅಕ್ಷರಗಳಂತೆ ಕಾಣತೊಡಗುತ್ತದೆ. ಐದನೆಯ ದಿನ, ಶಿಕ್ಷಕರು ಒಪ್ಪಿದವರು ಮಾತ್ರ, ಬ್ರಹ್ಮಪುರಿಯಿಂದ ಕೆಳಗೆ, ರಕ್ಷಣೆಗೆ ಒಂದು ರಾಫ್ಟ್ ಜೊತೆಗಿಟ್ಟುಕೊಂಡು.

ಊರಿಗೆ ಮರಳಿದ ಮೇಲೆ ಮುಂದುವರಿಸುವ ಆಸೆ ಹುಟ್ಟಿದರೆ ಒಂದು ಎಚ್ಚರಿಕೆ. ಕೊಡಗಿನ ಬರಪೊಳೆ, ಆಗುಂಬೆಯ ತಪ್ಪಲಿನ ಸೀತಾನದಿ ಇವು ಮಳೆಗಾಲದಲ್ಲಿ ಮಾತ್ರ ತುಂಬುವ ಕಿರಿದಾದ ಹೊಳೆಗಳು. ಗಾತ್ರದಲ್ಲಿ ಗಂಗೆಗಿಂತ ಎಷ್ಟೋ ಚಿಕ್ಕವಾದ್ದರಿಂದ ಸುಲಭವೆಂದು ತೋರುತ್ತವೆ. ಆದರೆ ಅಲ್ಲಿ ಬಂಡೆಗಳು ಒತ್ತೊತ್ತಾಗಿವೆ, ದಡದ ಮರಗಳು ನೀರಿಗೆ ಬಾಗಿವೆ, ರ್‍ಯಾಪಿಡ್‌ಗಳ ನಡುವೆ ಮಡುಗಳು ಚಿಕ್ಕವು, ಮೇಲೆ ಒಂದು ಜೋರು ಮಳೆ ಬಿದ್ದರೆ ನೀರು ಬೇಗನೆ ಏರುತ್ತದೆ. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿಯಲ್ಲಿ ಮಳೆಗಾಲದಲ್ಲಿ ನಡೆಯುವ ಮಲಬಾರ್ ನದಿ ಉತ್ಸವಕ್ಕೆ ಹೋಗಿ, ಚಾಲಿಪುಳ ಮತ್ತು ಇರುವಂಜಿಪುಳ ಹೊಳೆಗಳಲ್ಲಿ ಪರಿಣತರು ಎಡ್ಡಿಗಳನ್ನು ಬಳಸುವ ಬಗೆಯನ್ನು ದಡದಿಂದ ನೋಡಿ. ಅದೊಂದು ಒಳ್ಳೆಯ ಪಾಠಶಾಲೆ.

ಕೊನೆಯದಾಗಿ ನಿಮ್ಮ ಗೆಳತಿ. ಅವರನ್ನು ಖಂಡಿತವಾಗಿ ಕರೆದೊಯ್ಯಿರಿ, ಆದರೆ ಕಯಾಕ್‌ಗೆ ಕೂರಿಸುವ ಉದ್ದೇಶದಿಂದ ಬೇಡ. ಭಯ ಹೋಗಲಾಡಿಸುತ್ತೇವೆಂದು ನೀರಿಗಿಳಿಸಿದವರಲ್ಲಿ ಭಯ ಗಟ್ಟಿಯಾದದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ. ತಂಡದಲ್ಲಿ ಅವರಿಗೆ ನಿಜವಾದ ಕೆಲಸವೊಂದಿದೆ. ಥ್ರೋ ಬ್ಯಾಗ್ ಎಂಬುದು ಹದಿನೈದರಿಂದ ಇಪ್ಪತ್ತು ಮೀಟರ್ ತೇಲುವ ಹಗ್ಗವನ್ನು ತುಂಬಿದ ಸಣ್ಣ ಚೀಲ. ಹಗ್ಗದ ತುದಿಯನ್ನು ಒಂದು ಕೈಯಲ್ಲಿ ಹಿಡಿದು ಚೀಲವನ್ನು ಈಜುತ್ತಿರುವವರ ತಲೆಯನ್ನು ಸ್ವಲ್ಪ ದಾಟುವಂತೆ ಎಸೆಯಬೇಕು. ಎಸೆಯುವ ಮೊದಲು ಅವರ ಹೆಸರು ಹಿಡಿದು ‘ಹಗ್ಗ’ ಎಂದು ಗಟ್ಟಿಯಾಗಿ ಕೂಗಬೇಕು. ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬಾರದು. ಹಿಡಿದವರು ಬೆನ್ನ ಮೇಲೆ ಮಲಗಿ ಹಗ್ಗವನ್ನು ಎದೆಯ ಮೇಲೆ ಇಟ್ಟುಕೊಂಡರೆ ನೀರೇ ಅವರನ್ನು ಲೋಲಕದಂತೆ ದಡಕ್ಕೆ ತಂದು ಸೇರಿಸುತ್ತದೆ. ಎಸೆದವರು ದಡದಲ್ಲಿ ಕುಳಿತು, ಕಾಲನ್ನು ಬಂಡೆಗೆ ಒತ್ತಿ, ಭಾರವನ್ನು ತಾಳಿದರೆ ಸಾಕು. ಇದಕ್ಕೆ ನೀರಿಗಿಳಿಯಬೇಕಾಗಿಲ್ಲ, ತೋಳ್ಬಲಕ್ಕಿಂತ ನಿಶ್ಚಲವಾದ ಕಣ್ಣು ಬೇಕು. ನೀರಿಗೆ ಹೆದರುವವರು ನೀರಿನಿಂದ ಕಣ್ಣು ತೆಗೆಯುವುದಿಲ್ಲವೆಂಬುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ. ಹೊರಡುವ ಮೊದಲು ನಿಮ್ಮೂರಿನ ಯಾವುದಾದರೂ ಬಯಲಿನಲ್ಲಿ, ಹತ್ತು ಮೀಟರ್ ದೂರದಲ್ಲಿ ನೆಟ್ಟ ಕೋಲಿಗೆ ಅವರು ದಿನಕ್ಕೆ ಇಪ್ಪತ್ತು ಸಲ ಥ್ರೋ ಬ್ಯಾಗ್ ಎಸೆದು ಅಭ್ಯಾಸ ಮಾಡಲಿ. ಐದನೆಯ ದಿನ, ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಧರಿಸಿ, ಬ್ರಹ್ಮಪುರಿಯ ಕೆಳಗಿನ ಮೊದಲ ರ್‍ಯಾಪಿಡ್‌ನ ತುದಿಯ ಬಂಡೆಯ ಮೇಲೆ ಶಿಕ್ಷಕರೊಬ್ಬರ ಪಕ್ಕದಲ್ಲಿ ಅವರು ನಿಂತ ಮೇಲೆಯೇ ನಿಮ್ಮ ಮೊದಲ ದೋಣಿ ಎಡ್ಡಿಯನ್ನು ಬಿಡಲಿ.